ಆಟಿ ಮುಗಿಯುವವರೆಗೆ

ನನ್ನ ಮೈದುನ ಮುಕೇಶನಿಗೆ ಅಣ್ಣನ ಮೇಲೆ ಬಹಳ ಪ್ರೀತಿ. ಆ ಪ್ರೀತಿ ವರ್ಷಕ್ಕೆ ಎರಡು ಸಲ, ಚೌತಿಗೊಮ್ಮೆ ದೀಪಾವಳಿಗೊಮ್ಮೆ, ಸ್ವೀಟ್ ಬಾಕ್ಸ್ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತದೆ. ಹದಿನೈದು ನಿಮಿಷ ಕೂರುತ್ತದೆ. "ಅಣ್ಣ ಗಟ್ಟಿ ಇದ್ದಾನಲ್ಲ ಅತ್ತಿಗೆ, ನೀವು ಸುಮ್ಮನೆ ಹೆದರುವುದು" ಎಂದು ಹೇಳಿ, ಕಾಫಿ ಕುಡಿದು ಎದ್ದು ಹೋಗುತ್ತದೆ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೂವರೆ ಕಿಲೋಮೀಟರ್. ಇಬ್ಬರೂ ಇರುವುದು ಕುಲಶೇಖರದಲ್ಲೇ. ಅವನು ಊರವರ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸುವ ಕಂಟ್ರಾಕ್ಟರ್. ಅಣ್ಣನ ಅಂಗಳ ಮಾತ್ರ ಅವನ ದಾರಿಯಲ್ಲಿ ಸಿಗುವುದಿಲ್ಲ.

ಆ ಅಣ್ಣ ಎಂದರೆ ನನ್ನ ಗಂಡ ಚೆನ್ನಪ್ಪ. ಹಂಪನಕಟ್ಟೆಯಲ್ಲಿ ಮೂವತ್ತೆಂಟು ವರ್ಷ ಕೊಡೆ, ಬ್ಯಾಗಿನ ಅಂಗಡಿ ನಡೆಸಿದವರು. ಈಗ ಎಪ್ಪತ್ತೊಂದು. ಐದು ವರ್ಷದ ಹಿಂದೆ ಡಿಮೆನ್ಷಿಯಾ ಶುರುವಾಯಿತು. ನಾನು ಯಾರೆಂದು ಅವರಿಗೆ ಗೊತ್ತಿಲ್ಲ, ಆದರೆ ಅಂಗಡಿಯ ಕೀಲಿಕೈ ಕದ್ದವಳು ನಾನೇ ಎಂಬುದು ಚೆನ್ನಾಗಿ ಗೊತ್ತು. ಸ್ನಾನಕ್ಕೆ ಕರೆದರೆ ಹೊಡೆಯುತ್ತಾರೆ. ರಾತ್ರಿ ನಾಲ್ಕು ಸಲ ಎದ್ದು ಅಂಗಡಿ ತೆಗೆಯಲು ಹೊರಡುತ್ತಾರೆ. ಮಗ ಶೈಲೇಶ್ ಅಬುಧಾಬಿಯಿಂದ ದಿನಾ ವಾಯ್ಸ್ ಮೆಸೇಜ್ ಕಳಿಸುತ್ತಾನೆ, "ಅಮ್ಮ, ನಿನ್ನ ಆರೋಗ್ಯ ನೋಡ್ಕೊ" ಎಂದು. ಯಾವ ಹೊತ್ತಿನಲ್ಲಿ ನೋಡಿಕೊಳ್ಳಬೇಕು ಎಂಬುದನ್ನು ಅದರಲ್ಲಿ ಹೇಳಿರುವುದಿಲ್ಲ.

ಅದನ್ನು ಹೇಳಿಕೊಟ್ಟವಳು ರುಖಿಯಾ. ಬಿಜೈಯಲ್ಲಿ ಅವಳದ್ದೊಂದು ಹೊಲಿಗೆ ಕ್ಲಾಸು ಉಂಟು, ಮನೆಯಲ್ಲಿ ಮರೆವಿನ ತಾಯಿ ಉಂಟು. ಎರಡು ವರ್ಷದ ಹಿಂದೆ, ತಿಂಗಳ ಮೊದಲ ಶನಿವಾರ ತನ್ನ ಹಾಗೆ ಇರುವವರನ್ನೆಲ್ಲ ಆ ಹೊಲಿಗೆ ಕೋಣೆಗೆ ಕರೆಯಲು ಶುರುಮಾಡಿದಳು. ನಾವು ಏಳೆಂಟು ಜನ ಸೇರುತ್ತಿದ್ದೆವು. ಮೊದಲ ಎರಡು ಶನಿವಾರ ಬರೀ ಅಳು. ಮೂರನೆಯ ಶನಿವಾರ ರುಖಿಯಾ ಒಂದು ವಿಷಯ ಗಮನಿಸಿದಳು. ಸ್ವಂತದವರಿಗೆ ಹೊಡೆದು ಬೈದು ಮಾಡುವ ಈ ಜನ ಪರರ ಮನೆಗೆ ಹೋದರೆ ನೆಂಟರ ಹಾಗೆ ಕೂರುತ್ತಾರೆ. ಮರ್ಯಾದೆ ಒಂದು ಅವರಿಗೆ ಕೊನೆಯವರೆಗೂ ಮರೆತುಹೋಗುವುದಿಲ್ಲ. ಹಾಗಾದರೆ ಅದಲು ಬದಲು ಮಾಡಿಕೊಳ್ಳಿ ಎಂದಳು.

ನನಗೆ ಸಿಕ್ಕಿದ ಜೋಡಿ ಬರ್ನಡೆಟ್ ಟೀಚರ್. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಬಿಜೈಯಲ್ಲಿ ಮನೆ, ನನಗಿಂತ ಐದು ವರ್ಷ ದೊಡ್ಡವರು. ಪಾಠ ಹೇಳಿದ ಅಭ್ಯಾಸಕ್ಕೆ ಎಲ್ಲರನ್ನೂ ಏಕವಚನದಲ್ಲೇ ಕರೆಯುತ್ತಾರೆ. ಅವರ ಗಂಡ ಯೂಸ್ಟೇಸ್ ಮೂವತ್ತು ವರ್ಷ ಕುವೈತಿನಲ್ಲಿ ಇದ್ದವರು. ಈಗ ಯಾವ ಮನೆಗೆ ಹೋದರೂ ಅವರಿಗೆ ಅದು ವಿಮಾನ ನಿಲ್ದಾಣ. ಪಾಸ್‌ಪೋರ್ಟ್ ಎಲ್ಲಿ ಎಂದು ಕೇಳುತ್ತಾರೆ. ಸೋಮವಾರ ಮಧ್ಯಾಹ್ನ ಎರಡಕ್ಕೆ ಅವರು ನಮ್ಮ ಮನೆಗೆ ಬಂದರೆ, ನಾನು ಹಳೆಯ ಬ್ಯಾಂಕ್ ಪಾಸ್‌ಬುಕ್ ಒಂದನ್ನು ಕೈಗೆ ಕೊಡುತ್ತಿದ್ದೆ. ಅದನ್ನು ಎದೆಯ ಜೇಬಿಗೆ ಹಾಕಿಕೊಂಡು, ಫ್ಲೈಟ್ ಬರುವವರೆಗೆ ಎಂದು ಜಗಲಿಯಲ್ಲಿ ಕೂರುತ್ತಿದ್ದರು. ಅಷ್ಟು ಹೊತ್ತು ಟೀಚರ್ ತಮ್ಮ ಮನೆಯಲ್ಲಿ ಮಲಗುತ್ತಿದ್ದರು. ಗುರುವಾರ ನನ್ನ ಸರದಿ. ಎರಡಕ್ಕೆ ನನ್ನ ಗಂಡನನ್ನು ಆಟೋದಲ್ಲಿ ಬಿಜೈಗೆ ಬಿಟ್ಟು ಬಂದರೆ ರಾತ್ರಿ ಎಂಟರವರೆಗೆ ನನ್ನದು. ಆ ಹೊತ್ತಿನಲ್ಲಿ ನಾನು ಸಿನೆಮಾಕ್ಕೆ ಹೋಗುತ್ತಿರಲಿಲ್ಲ, ನೆಂಟರ ಮನೆಗೆ ಹೋಗುತ್ತಿರಲಿಲ್ಲ. ಬಾಗಿಲು ಹಾಕಿ ಮಲಗುತ್ತಿದ್ದೆ. ವಾರದಲ್ಲಿ ಅದೊಂದೇ ನಿದ್ದೆ.

ಅಂಗಡಿ ಇದ್ದಾಗ ಸಂಜೆ ಏಳು ಗಂಟೆ ಎಂದರೆ ಇವರಿಗೆ ಷಟರ್ ಎಳೆದು ದೇವರ ಪಟದ ಎದುರು ನಿಲ್ಲುವ ಹೊತ್ತು. ಶನಿವಾರವಾದರೆ ಭಜನಾ ಮಂದಿರ. ಅಲ್ಲಿ ತಾಳ ಇವರದ್ದೇ. ತಲೆ ಎಲ್ಲ ಮರೆತರೂ ಮೈ ಆ ಏಳು ಗಂಟೆಯನ್ನು ಮರೆತಿಲ್ಲ. ಟೀಚರ್ ಮನೆಯಲ್ಲಿಯೂ ಏಳಕ್ಕೆ ಜಪಸರ ಹಿಡಿದು ಸಂಜೆಯ ಪ್ರಾರ್ಥನೆ, ಅವರ ಮಾತಿನಲ್ಲಿ ತೇರ್ಸ್. ಟೀಚರ್ "ನಮಾನ್ ಮರಿಯೆ" ಎಂದು ಶುರುಮಾಡಿದರೆ ಇವರು ಕಣ್ಣು ಮುಚ್ಚಿ, ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಿದ್ದರು. ಮುಗಿದ ಮೇಲೆ ಎರಡು ಕೈ ಒಡ್ಡಿ "ಪ್ರಸಾದ?" ಎನ್ನುತ್ತಿದ್ದರು. ಟೀಚರ್ ಒಂದು ತುಂಡು ಬಾಳೆಹಣ್ಣು ಕೊಡುತ್ತಿದ್ದರು. ತೇರ್ಸಿಗೆ ಭಜನೆಯ ತಾಳ ಎಷ್ಟು ಚೆಂದ ಕೂರುತ್ತದೆ ಎಂದು ಟೀಚರ್ ನನಗೆ ಫೋನಿನಲ್ಲಿ ಹೇಳಿ ನಕ್ಕಿದ್ದರು.

ಒಂದು ಗುರುವಾರ ಬಂದಿದ್ದ ಟೀಚರ್ ತಂಗಿ ಮೆರ್ಲಿನ್ ಅದನ್ನು ವಿಡಿಯೋ ಮಾಡಿದಳು. ಪಾಪ, ಪ್ರೀತಿಯಿಂದಲೇ. ಕೆಳಗೆ ಎರಡು ಹೃದಯ ಅಂಟಿಸಿ ತನ್ನ ಸ್ಟೇಟಸ್‌ಗೆ ಹಾಕಿದಳು. ಯಾರೋ ಅದನ್ನು ಇಳಿಸಿಕೊಂಡರು, ಯಾರಿಗೋ ಕಳಿಸಿದರು. ಜುಲೈ ಕೊನೆಯ ಶುಕ್ರವಾರ ಬೆಳಿಗ್ಗೆ ಮುಕೇಶ ನಮ್ಮ ಮನೆಗೆ ಬಂದ. ಚೌತಿಯೂ ಅಲ್ಲ, ದೀಪಾವಳಿಯೂ ಅಲ್ಲ. ಸ್ವೀಟ್ ಬಾಕ್ಸ್ ಇರಲಿಲ್ಲ, ಕೈಯಲ್ಲಿ ಮೊಬೈಲ್ ಇತ್ತು.

"ಇದು ಎಂತ ಅತ್ತಿಗೆ?"

ನೋಡಿದೆ. ನನ್ನ ಗಂಡ ಸೋಫಾದಲ್ಲಿ ಯೂಸ್ಟೇಸ್ ಪಕ್ಕದಲ್ಲಿ ಕೂತು ತಾಳ ಹಾಕುತ್ತಿದ್ದರು. ಇಸ್ತ್ರಿ ಹಾಕಿದ ಅಂಗಿ, ಬಾಚಿದ ತಲೆ. ಆ ಮುಖದಲ್ಲಿ ಅಷ್ಟು ಶಾಂತಿಯನ್ನು ನಾನು ಎರಡು ವರ್ಷದಿಂದ ಕಂಡಿರಲಿಲ್ಲ.

"ಅಣ್ಣ ತೇರ್ಸ್ ಹೇಳ್ತಿದ್ದಾನೆ. ಕುಟುಂಬದ ಗ್ರೂಪಲ್ಲಿ ಎಲ್ಲರೂ ನೋಡಿ ಆಯ್ತು. ನನಗೆ ತಲೆ ಎತ್ತಿ ನಡೀಲಿಕ್ಕೆ ಆಗುದಿಲ್ಲ."

"ಹೇಳ್ತಾ ಇಲ್ಲ ಮುಕೇಶ, ತಾಳ ಹಾಕ್ತಾ ಇದ್ದಾರೆ. ಸರಿ ನೋಡು."

"ನಿಮಗೆ ತಮಾಷೆ. ನಾಳೆ ಅವರು ಅಣ್ಣನ ಹೆಸರೇ ಬದಲಿಸಿದ್ರೆ?"

"ಇರುವ ಹೆಸರೇ ಅವರಿಗೆ ನೆನಪಿಲ್ಲ ಮಾರಾಯ. ಹೊಸದನ್ನು ಯಾರು ಕಲಿಸುದು?"

ಅವನಿಗೆ ನಗು ಬರಲಿಲ್ಲ. ನನಗೂ ಬರಲಿಲ್ಲ. ಐದು ವರ್ಷ ಹೇಲು ಉಚ್ಚೆ ಬಳಿಯುವಾಗ ಈ ಕುಟುಂಬದ ಗ್ರೂಪು ಎಲ್ಲಿತ್ತು? ಅದರಲ್ಲಿ ದಿನ ಬೆಳಗಾದರೆ ಗುಡ್ ಮಾರ್ನಿಂಗ್ ಹೂವು, ಸಂಜೆಯಾದರೆ ಯಾರದೋ ಮದುವೆಯ ಫೋಟೋ. ಒಂದು ದಿನ ಒಬ್ಬ, ಚೆನ್ನಪ್ಪಣ್ಣ ಉಂಡನಾ ಎಂದು ಕೇಳಿದ್ದನ್ನು ನಾನು ಕಂಡಿಲ್ಲ.

"ಸರಿ," ಎಂದೆ. "ಟೀಚರ್ ಮನೆಗೆ ಕಳಿಸುದಿಲ್ಲ. ಗುರುವಾರ ನಿನ್ನ ಮನೆಗೆ ಕಳಿಸ್ತೇನೆ. ಎರಡರಿಂದ ಎಂಟು."

"ನನಗೆ ಸೈಟಲ್ಲಿ ಕೆಲಸ ಉಂಟಲ್ಲ ಅತ್ತಿಗೆ. ಅವಳಿಗೂ ಬೆನ್ನು ನೋವು. ನೋಡುವ."

ನಮ್ಮಲ್ಲಿ 'ನೋಡುವ' ಎಂದರೆ ಇಲ್ಲ ಎಂದೇ ಅರ್ಥ. ಇಲ್ಲ ಎನ್ನುವ ಧೈರ್ಯವೂ ಇಲ್ಲದವರು ಹೇಳುವ ಇಲ್ಲ. ಆಮೇಲೆ ಅವನು ದನಿ ತಗ್ಗಿಸಿದ.

"ನಾನೊಬ್ಬ ಹೇಳುವ ವಿಷಯ ಅಲ್ಲ ಇದು. ಏರಿಯಾದ ಹುಡುಗರ ಕೈಗೂ ವಿಡಿಯೋ ಹೋಗಿದೆ. ಅವರು ಆ ಟೀಚರ್ ಗೇಟಿನ ಎದುರು ಹೋಗಿ ನಿಂತ್ರೆ ಮತ್ತೆ ನನ್ನನ್ನು ಕೇಳ್ಬೇಡಿ. ಕುಟುಂಬದ ಯಜಮಾನರ ಹತ್ರ ಮಾತಾಡಿದ್ದೇನೆ. ಈಗ ಆಟಿ, ದೈವದ ಎದುರು ಮಾತುಕತೆ ಮಾಡುವ ಹಾಗಿಲ್ಲ. ಆಟಿ ಮುಗಿದು ಸೋಣ ಸಂಕ್ರಮಣದ ದಿನ ಕುಟುಂಬದ ಮನೆಯಲ್ಲಿ ತೀರ್ಮಾನ. ಅಲ್ಲಿವರೆಗೆ ಗುರುವಾರ ಬಂದ್."

ಆಟಿ ತಿಂಗಳಲ್ಲಿ ದೈವಗಳು ಘಟ್ಟ ಹತ್ತುತ್ತವೆ, ಊರಲ್ಲಿ ಇರುವುದಿಲ್ಲ ಎನ್ನುತ್ತಾರೆ. ದೈವಕ್ಕೂ ವರ್ಷಕ್ಕೆ ಒಂದು ತಿಂಗಳು ರಜೆ ಉಂಟು. ನನಗಿಲ್ಲ. ಆದರೂ ನಾನು ಆಯಿತು ಎಂದೆ. ಹುಡುಗರು ಗೇಟಿನ ಎದುರು ಬರುವುದು ಎಂದರೆ ಏನೆಂದು ಈ ಊರಿನಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟೀಚರ್ ಮರೆವಿನ ಗಂಡನನ್ನು ಇಟ್ಟುಕೊಂಡ ಒಬ್ಬಂಟಿ ಹೆಂಗಸು. ಮೂರು ವಾರ ತಾನೇ ಎಂದುಕೊಂಡೆ.

ಅವತ್ತೇ ಟೀಚರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಮೆರ್ಲಿನ್‌ಗೆ ಎರಡು ಬೈದರು, ಮುಕೇಶನಿಗೆ ನಾಲ್ಕು ಬೈದರು. ಆಮೇಲೆ, "ಸರಿ, ನಿನ್ನ ಮನೆಯ ಪಂಚಾಯಿತಿ ಮುಗೀಲಿ. ಸೋಮವಾರ ನಾನು ಇವರನ್ನು ಕಳಿಸ್ತೇನೆ ಅಲ್ವಾ?" ಎಂದರು.

ಇದನ್ನು ಮುಚ್ಚಿಟ್ಟು ಹೇಳಿದರೆ ಈ ಕತೆ ಹೇಳಿ ಪ್ರಯೋಜನವಿಲ್ಲ. ಸೋಮವಾರದ ಬಗ್ಗೆ ಮುಕೇಶ ಒಂದು ಮಾತೂ ಆಡಿರಲಿಲ್ಲ. ಬೇಡ ಎಂದವಳು ನಾನು. "ಆಟಿ ಮುಗಿಯುವವರೆಗೆ ಅದೂ ಬೇಡ ಟೀಚರ್, ಸುಮ್ಮನೆ ಜನರ ಬಾಯಿಗೆ ಯಾಕೆ?" ಎಂದೆ. ಜನರ ಬಾಯಿ ಎನ್ನುವುದು ನೆಪ. ನನಗೆ ಗುರುವಾರ ಇಲ್ಲದ ಮೇಲೆ, ಉರಿಯುವ ಕಣ್ಣು ಇಟ್ಟುಕೊಂಡು ಇನ್ನೊಬ್ಬರಿಗೆ ಸೋಮವಾರ ಯಾಕೆ ಕೊಡಲಿ ಎಂಬ ಹೊಟ್ಟೆಕಿಚ್ಚು. ಟೀಚರ್ "ಆಯ್ತು ನಳಿನಾ" ಎಂದು ಫೋನ್ ಇಟ್ಟರು. ಬೇಡಿಕೊಳ್ಳುವ ಜಾತಿಯಲ್ಲ ಅವರದ್ದು.

ಮೊದಲ ವಾರ ಹೇಗೋ ಹೋಯಿತು. ಎರಡನೆಯ ವಾರದಲ್ಲಿ ನಾನು ಒಲೆಯ ಮೇಲೆ ಹಾಲಿಟ್ಟು ನಿಂತಲ್ಲೇ ತೂಕಡಿಸಿದೆ, ಪಾತ್ರೆ ಸೀದು ಕರಿಯಾಯಿತು. ಒಂದು ದಿನ ಇವರು ಕೀಲಿಕೈಗಾಗಿ ನನ್ನ ಕೂದಲು ಹಿಡಿದು ಎಳೆದಾಗ ನಾನೂ ಕೈ ಎತ್ತಿದೆ. ಹೊಡೆಯಲಿಲ್ಲ. ಆದರೆ ಎತ್ತಿದ ಕೈ ನನ್ನದೇ ಎಂದು ನಂಬಲು ಹೊತ್ತು ಹಿಡಿಯಿತು. ಹೊರಗೆ ಬಿಡದೆ ಮಳೆ ಸುರಿಯುತ್ತಿತ್ತು. ಕುಟುಂಬದ ಗ್ರೂಪಿನಲ್ಲಿ ಆಟಿ ಅಮಾವಾಸ್ಯೆಯ ಪಾಲೆ ಮರದ ಕಷಾಯ ಕುಡಿದರೆ ಏನೇನು ಲಾಭ ಎಂದು ಮುಕೇಶ ಉದ್ದಕ್ಕೆ ಬರೆದಿದ್ದ.

ಮೂರನೆಯ ವಾರ, ಸೋಮವಾರ ಮಧ್ಯಾಹ್ನ ಮೂರೂವರೆಗೆ ರುಖಿಯಾಳ ಫೋನ್ ಬಂತು. "ಯೂಸ್ಟೇಸಂಕಲ್ ಚರಂಡಿಗೆ ಬಿದ್ದಿದ್ದಾರೆ ನಳಿನಕ್ಕ. ಆಸ್ಪತ್ರೆಗೆ ಕೊಂಡುಹೋಗ್ತಾ ಇದ್ದೇವೆ" ಎಂದಳು.

ಸೋಮವಾರ. ಮೂರೂವರೆ. ನಾನು ಗಡಿಯಾರ ನೋಡಿದೆ, ಆಮೇಲೆ ನಮ್ಮ ಜಗಲಿಯ ಕುರ್ಚಿ ನೋಡಿದೆ. ಆ ಹೊತ್ತಿಗೆ ಅವರು ಅಲ್ಲಿ ಕೂತಿರಬೇಕಿತ್ತು.

ಮರುದಿನ ಇವರನ್ನೂ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಟೀಚರ್ ವಾರ್ಡಿನ ಹೊರಗೆ ಬೆಂಚಿನಲ್ಲಿ ಕೂತಿದ್ದರು. ನಿನ್ನೆಯ ಸೀರೆಯೇ ಇತ್ತು, ಅಂಚಿನಲ್ಲಿ ಕೆಸರು ಒಣಗಿತ್ತು. ನನ್ನನ್ನು ನೋಡದೆ, ಗೋಡೆಗೆ ಹೇಳುವವರ ಹಾಗೆ ಹೇಳಿದರು.

"ನಾಲ್ಕು ರಾತ್ರಿ ನಿದ್ದೆ ಇರ್ಲಿಲ್ಲ. ಇವರಿಗೆ ಊಟ ಕೊಟ್ಟು ಕುರ್ಚಿಯಲ್ಲಿ ಕೂತೆ. ಕಣ್ಣು ಮುಚ್ಚಿದ್ದೇ ಗೊತ್ತಾಗ್ಲಿಲ್ಲ. ಗೇಟಿಗೆ ಬೀಗ ಹಾಕಿರ್ಲಿಲ್ಲ ನಾನು. ರಸ್ತೆಯಲ್ಲಿ ಚರಂಡಿಯ ಚಪ್ಪಡಿ ತೆಗೆದಿಟ್ಟಿದ್ರು, ನೀರು ತುಂಬಿ ಗೊತ್ತಾಗ್ತಿರ್ಲಿಲ್ಲ. ಸೊಂಟ ಮುರಿದಿದೆ. ಆಪರೇಷನ್ ಮಾಡಿದ್ರೂ ಇನ್ನು ನಡೆಯುದು ಡೌಟು ಅಂತ ಡಾಕ್ಟರ್ ಹೇಳಿದ್ರು."

"ಎಲ್ಲ ಆ ಮುಕೇಶನಿಂದ ಟೀಚರ್. ಅವನನ್ನು ನಾನು..."

ಈಗ ಅವರು ನನ್ನ ಕಡೆ ತಿರುಗಿದರು. "ಮುಕೇಶ ನಿಲ್ಲಿಸಿದ್ದು ಗುರುವಾರ. ಸೋಮವಾರ ನಿಲ್ಲಿಸಿದ್ದು ಯಾರು?"

ನಾನು ಇವರನ್ನು ಬೆಂಚಿನಲ್ಲಿ ಕೂರಿಸಲು ಹೋದೆ.

"ನಿನಗೆ ನಿನ್ನ ಕುಟುಂಬದ ಅಪ್ಪಣೆ ಬೇಕಿತ್ತು. ನನ್ನ ಗಂಡ ಬೀಳದೆ ಇರ್ಲಿಕ್ಕೆ ನಾನು ಯಾರ ಅಪ್ಪಣೆ ಕೇಳ್ಬೇಕಿತ್ತು? ಹೇಳು! ಮೂರು ಸೋಮವಾರ, ನಳಿನಾ. ಒಂದು ಸಲ ಫೋನ್ ಮಾಡಿ, ಟೀಚರ್ ಬದುಕಿದ್ದೀರಾ ಅಂತ ಕೇಳ್ಲಿಲ್ಲ ನೀನು. ಹೋಗು. ಇವತ್ತು ನಿನ್ನ ಮುಖ ನೋಡ್ಲಿಕ್ಕೆ ನನಗೆ ಆಗುದಿಲ್ಲ."

ಕಾರಿಡಾರಿನಲ್ಲಿ ಎಲ್ಲರೂ ನೋಡುತ್ತಿದ್ದರು. ನಾನು ಇವರ ಕೈ ಹಿಡಿದು ಹೊರಗೆ ಬಂದೆ. ಅವರು ಬೈದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ನನ್ನ ಸಿಟ್ಟು ನೆಲೆ ಸಿಗದೆ ನನ್ನನ್ನೇ ಸುಟ್ಟಿತು. ಯಾರ ಅಪ್ಪಣೆ ಕೇಳಿದ್ದೆ ನಾನು? ಒಂದು ಗಂಟೆಯನ್ನೂ ಕೊಡದವರ ಅಪ್ಪಣೆ. ಕೊಟ್ಟವರಿಗೆ ಬೇಡ ಎಂದಿದ್ದೆ.

ಸೋಣ ಸಂಕ್ರಮಣದ ದಿನ ಕುಟುಂಬದ ಮನೆಯ ಚಾವಡಿಯಲ್ಲಿ ನಲವತ್ತು ಜನ ಸೇರಿದ್ದರು. ಒಳಗೆ ದೈವದ ಮಂಚದ ಎದುರು ದೀಪ ಉರಿಯುತ್ತಿತ್ತು. ಗಂಡಸರು ಎದುರು, ಹೆಂಗಸರು ಹಿಂದೆ. ನಾನು ಇವರ ಕೈ ಹಿಡಿದು ಎದುರಿನಲ್ಲೇ ನಿಂತೆ. ಮುಕೇಶ ಬಿಳಿ ಪಂಚೆ ಉಟ್ಟು ಚೆನ್ನಾಗಿ ಮಾತಾಡಿದ. ಕುಟುಂಬದ ಮರ್ಯಾದೆ, ಹಿರಿಯರು ನಡೆಸಿಕೊಂಡು ಬಂದದ್ದು, ಅಣ್ಣನ ಆತ್ಮ, ಎಲ್ಲ ಬಂತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಎಂಬತ್ತು ದಾಟಿದ ಯಜಮಾನರು ಕೇಳಿ ತಲೆಯಾಡಿಸಿ, "ನೀನು ಹೇಳುದು ಎಂತ ಉಂಟು ಮಗಾ?" ಎಂದು ನನ್ನನ್ನು ಕೇಳಿದರು.

ನಾನು ಕೈ ಮುಗಿದದ್ದು ಯಜಮಾನರಿಗಲ್ಲ, ದೀಪಕ್ಕೆ.

"ನಾನು ಈ ಕುಟುಂಬದವಳಲ್ಲ," ಎಂದೆ. "ನಮ್ಮ ಅಳಿಯಕಟ್ಟಿನ ಪ್ರಕಾರ ತಾಯಿಯಿಂದ ಬರುವ ಬಳಿ ನನ್ನದು ಬೇರೆ, ನಿಮ್ಮದು ಬೇರೆ. ಇವರು ನಿಮ್ಮ ತಾಯಿಯ ಕಡೆಯ ರಕ್ತ. ಮರ್ಯಾದೆ ನಿಮ್ಮದು ಅಂತ ಮುಕೇಶ ಹೇಳಿದ, ನಾನು ಒಪ್ಪಿದೆ. ಹಾಗಾದ್ರೆ ಮನುಷ್ಯನೂ ನಿಮ್ಮವರೇ. ಪರರ ಮನೆಗೆ ಕಳಿಸುದು ಬೇಡ. ಗುರುವಾರ ಆರು ಗಂಟೆ ಇವರನ್ನು ನೋಡ್ಕೊಳ್ತೇನೆ ಅಂತ ಒಬ್ಬರು ಮುಂದೆ ಬಂದು, ಈ ದೀಪದ ಎದುರು ಮಾತು ಕೊಡಿ. ಒಬ್ಬರು ಸಾಕು."

ದೈವದ ಎದುರು ಕೊಟ್ಟ ಮಾತು ತಪ್ಪಿದರೆ ಏನಾಗುತ್ತದೆ ಎಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ವಾಟ್ಸಾಪಿನಲ್ಲಿ ಎಷ್ಟು ಕೈ ಬೇಕಾದರೂ ಮುಗಿಯಬಹುದು, ಅಲ್ಲಿ ಹಾಗಲ್ಲ. ನಲವತ್ತು ಜನರಲ್ಲಿ ಒಬ್ಬರೂ ಅಲುಗಲಿಲ್ಲ. ಮಾಡಿನಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು.

"ನೋಡುವ ಅತ್ತಿಗೆ, ಎಲ್ಲರೂ ಸೇರಿ ಅಡ್ಜಸ್ಟ್..." ಎಂದು ಮುಕೇಶ ಶುರುಮಾಡಿದ.

"ಇಲ್ಲಿ ನೋಡುವ ಅಂತ ಇಲ್ಲ ಮುಕೇಶ," ಎಂದರು ಯಜಮಾನರು. "ಕೊಡುದಾದ್ರೆ ಕೊಡು."

ಅವನು ನೆಲ ನೋಡಿದ. ಅವನ ಹೆಂಡತಿ ಸೀರೆಯ ಸೆರಗು ಸರಿ ಮಾಡಿಕೊಂಡಳು. ಯಜಮಾನರು ತಾವೂ ಕೊಡಲಿಲ್ಲ, ಪ್ರಾಯವಾಯಿತು ಎಂಬ ನೆಪ ಅವರಿಗಿತ್ತು. ಕೆಮ್ಮಿ, ಮುಂದಿನ ವಿಷಯಕ್ಕೆ ಹೋಗುವ ಅಂದಾಜಿನಲ್ಲಿದ್ದರು. ನಾನು ಬಿಡಲಿಲ್ಲ.

"ಯಾರಿಗೂ ಇಲ್ಲ ಅಂತ ಆಯ್ತು. ಇನ್ನು ನನ್ನ ಮಾತು ಕೇಳಿ. ನನ್ನಿಂದಾಗಿ ಒಬ್ಬರ ಸೊಂಟ ಮುರಿದಿದೆ. ಹೌದು, ನನ್ನಿಂದ. ನಿಮ್ಮ ಮಾತು ಕೇಳಿದ ನನ್ನಿಂದ. ಸೋಮವಾರ, ಗುರುವಾರ, ಯೂಸ್ಟೇಸ್ ಅವರ ಹಾಸಿಗೆಯ ಹತ್ತಿರ ನಾನಿರ್ತೇನೆ. ಅವರು ಇರುವಷ್ಟು ದಿನ. ಇದು ದೈವಕ್ಕೆ ಕೊಟ್ಟ ಮಾತು. ತಡೆಯುವವರು ಈಗ, ಇಲ್ಲಿಯೇ ತಡೀರಿ. ಆಮೇಲೆ ಟೀಚರ್ ಗೇಟಿನ ಎದುರು ಯಾವನಾದ್ರೂ ಬಂದು ನಿಂತ್ರೆ, ಅವನನ್ನು ಕಳಿಸಿದವನನ್ನು ದೈವವೇ ಕೇಳ್ಲಿ."

ಯಾರೂ ತಡೆಯಲಿಲ್ಲ. ಮುಕೇಶನ ಮುಖ ಬಿಳಿಚಿತ್ತು. ಹುಡುಗರಿಗೆ ಅವನು ಏನು ಹೇಳಿದ್ದನೋ, ಇನ್ನು ಏನು ಹೇಳುತ್ತಾನೋ, ಅದು ಅವನ ಹಣೆಬರಹ. ಯಜಮಾನರು ನನಗೆ ಗಂಧಪ್ರಸಾದ ಕೊಟ್ಟರು. ಊಟದ ಹೊತ್ತಿಗೆ ನಾಲ್ಕು ಜನ ಹೆಂಗಸರು ಬಂದು ನನ್ನ ಕೈ ಹಿಡಿದು, "ಒಳ್ಳೆ ಮಾತಾಡಿದೆ ನಳಿನಕ್ಕ, ನಮಗೆ ಇಷ್ಟು ಧೈರ್ಯ ಇಲ್ಲ" ಎಂದರು. ಹೊಗಳಿದರು, ಪಾಯಸ ಬಡಿಸಿದರು. ಇವರು ಎಲೆಯ ಎದುರಿನಿಂದ ಮೂರು ಸಲ ಎದ್ದು ಹೋದರು. ಮೂರು ಸಲವೂ ನನ್ನ ಊಟ ಬಿಟ್ಟು ಓಡಿದವಳು ನಾನೇ.

ಹೊರಗೆ ಬಂದು ಆಟೋ ಕಾಯುವಾಗ ಸಿಟ್ಟು ಇಳಿಯಿತು, ಹೆದರಿಕೆ ಹತ್ತಿತು. ಎಂಥ ಮಾತು ಕೊಟ್ಟುಬಿಟ್ಟೆ! ಒಬ್ಬರನ್ನು ನೋಡುವ ಶಕ್ತಿಯೇ ಇಲ್ಲದವಳು ಇಬ್ಬರನ್ನು ತಲೆಯ ಮೇಲೆ ಹಾಕಿಕೊಂಡಿದ್ದೆ. ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ಇವರು ನನ್ನ ಭುಜ ಹಿಡಿದು, "ಅಂಗಡಿ ತೆಗೀಲಿಕ್ಕೆ ಆಯ್ತು, ಕೀಲಿಕೈ ಕೊಡು" ಎನ್ನುತ್ತಿದ್ದರು. ಒಂದು ಕೈಯಲ್ಲಿ ಇವರನ್ನು ಹಿಡಿದು, ಇನ್ನೊಂದು ಕೈಯಲ್ಲಿ ಟೀಚರ್‌ಗೆ ಫೋನ್ ಮಾಡಿದೆ. ಎತ್ತುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಎತ್ತಿದರು.

"ಸೋಮವಾರ ಎರಡಕ್ಕೆ ಬರ್ತೇನೆ ಟೀಚರ್. ಗುರುವಾರವೂ. ಆಸ್ಪತ್ರೆಯಲ್ಲಿದ್ರೆ ಆಸ್ಪತ್ರೆಗೆ, ಮನೆಯ‌ಲ್ಲಿದ್ರೆ ಮನೆಗೆ. ನೀವು ಬೇಡ ಅಂದ್ರೂ ಬರ್ತೇನೆ."



"ನನ್ನ ಸಿಟ್ಟು ಹೋಗ್ಲಿಲ್ಲ ನಳಿನಾ."

"ಹೋಗುದು ಬೇಡ. ಇರ್ಲಿ."

ಆಮೇಲೆ ಅದೇ ಗಡಸು ದನಿಯಲ್ಲಿ ಕೇಳಿದರು. "ನೀನು ಇಲ್ಲಿ ಬಂದು ಕೂತ್ರೆ, ಅಲ್ಲಿ ಚೆನ್ನಪ್ಪನನ್ನು ಯಾರು ನೋಡ್ತಾರೆ?"

ಹಿಂದೆ ಚಾವಡಿಯಲ್ಲಿ ಇನ್ನೂ ಎರಡನೆಯ ಪಂಕ್ತಿಯ ಊಟ ನಡೆಯುತ್ತಿತ್ತು. ಇವರ ರಕ್ತದವರು ನಲವತ್ತು ಜನ ನನ್ನ ಮಾತು ಕೇಳಿದ್ದರು, ನನ್ನನ್ನು ಹೊಗಳಿದ್ದರು. ಇದೊಂದು ಪ್ರಶ್ನೆಯನ್ನು ಅವರಲ್ಲಿ ಒಬ್ಬರೂ ಕೇಳಿರಲಿಲ್ಲ. ನಡುರಸ್ತೆಯಲ್ಲಿ ನಿಂತು ಅತ್ತುಬಿಟ್ಟೆ.

"ಅಳ್ಬೇಡ," ಎಂದರು ಟೀಚರ್. "ಅವನನ್ನೂ ಕರ್ಕೊಂಡು ಬಾ. ಮತ್ತೆ ಎರಡಕ್ಕಲ್ಲ, ಒಂದೂವರೆಗೆ ಬಾ. ಲೇಟ್ ಮಾಡ್ಬೇಡ."